ಕಾರ್ಡು ಬದಲಿಸಿದರೆ ಫೀ ತಪ್ಪೀತೇ?

ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರ ಮನೆಯಿಂದ ನಾಲ್ವರು ಕಾಶಿಗೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಬೆಂಗಳೂರಿನಿಂದ ವಾರಾಣಸಿಗೆ ವಿಮಾನ, ಹೋಗಿ ಬರುವ ಟಿಕೆಟ್ಟು. ಮಗ ಮೊಬೈಲಿನಲ್ಲಿ ಎಲ್ಲರ ಹೆಸರು, ವಯಸ್ಸು ತುಂಬುತ್ತಾನೆ. ಸೀಟು ಆರಿಸುವುದು ಬೇಡ, ಊಟ ಬೇಡ ಅನ್ನುತ್ತಾನೆ. ವಿಮೆಯ ಟಿಕ್ಕು ತೆಗೆಯುತ್ತಾನೆ. ಇಷ್ಟೆಲ್ಲ ಜಾಗ್ರತೆ ಮಾಡಿ ಹಣ ಕಟ್ಟುವ ಪುಟಕ್ಕೆ ಬಂದರೆ ಮೊತ್ತ 2,800 ರೂಪಾಯಿ ಮೇಲಕ್ಕೆ ಹೋಗಿದೆ. ಕನ್ವೀನಿಯನ್ಸ್ ಫೀ. ತಲೆಗೆ, ಒಂದೊಂದು ಹಾರಾಟಕ್ಕೆ 350 ಎಂದು ಹಿಡಿದರೆ ನಾಲ್ಕು ಜನಕ್ಕೆ ಹೋಗಿ ಬರಲು ಅಷ್ಟಾಗುತ್ತದೆ. ಹಣ ಕಟ್ಟುವುದು ಒಂದೇ ಸಲ, ಬರುವ ಓಟಿಪಿಯೂ ಒಂದೇ.

ಇಂಥ ಹೊತ್ತಿಗೆ ಸರಿಯಾಗಿ ಯಾರಾದರೂ ಒಬ್ಬರು ಉಪಾಯ ಹೇಳುತ್ತಾರೆ: ‘ಒಂದು ಪ್ರೀಪೇಯ್ಡ್ ಕಾರ್ಡ್ ಮಾಡಿಸ್ಕೊ, ಅದ್ರಾಗೆ ಕಟ್ಟಿದ್ರೆ ಫೀಸ್ ಬೀಳಲ್ಲ.’ ವಿಮಾನ ನಿಲ್ದಾಣವೇ ಇಲ್ಲದ ಚಿತ್ರದುರ್ಗ ಜಿಲ್ಲೆಗೂ ಈ ಉಪಾಯ ಬಂದು ತಲುಪಿದೆ. ಇದು ಸುಳ್ಳಲ್ಲ. ಬೇರೆ ದೇಶದಲ್ಲಿ, ಬೇರೆ ಕಾಲದಲ್ಲಿ ನಿಜವಾಗಿದ್ದದ್ದು.

ಆ ದೇಶ ಬ್ರಿಟನ್. ಅಗ್ಗದ ವಿಮಾನಕ್ಕೆ ಹೆಸರಾದ ರಯಾನ್‌ಏರ್ ಒಬ್ಬೊಬ್ಬ ಪ್ರಯಾಣಿಕನಿಗೆ, ಒಂದೊಂದು ಹಾರಾಟಕ್ಕೆ ಇಷ್ಟು ಪೌಂಡು ಎಂದು ಬುಕಿಂಗ್ ಶುಲ್ಕ ಹಾಕುತ್ತಿತ್ತು. ಒಂದು ಬಗೆಯ ಕಾರ್ಡಿಗೆ ಮಾತ್ರ ವಿನಾಯಿತಿ. ಮೊದಲು ಅದು ವೀಸಾ ಎಲೆಕ್ಟ್ರಾನ್ ಆಗಿತ್ತು. 2010ರ ಆರಂಭದಿಂದ ಪ್ರೀಪೇಯ್ಡ್ ಮಾಸ್ಟರ್‌ಕಾರ್ಡ್ ಆಯಿತು. ಜನ ಓಡಿಹೋಗಿ ಅದನ್ನು ಕೊಂಡರು. ಕೊಂಡವರು ಹೆಚ್ಚಾದಂತೆ, 2011ರ ಕೊನೆಗೆ, ತನ್ನದೇ ಹೆಸರಿನ ಪ್ರೀಪೇಯ್ಡ್ ಕಾರ್ಡು ಇದ್ದರಷ್ಟೇ ವಿನಾಯಿತಿ ಎಂದು ಕಂಪನಿ ಹೇಳಿತು.

ಈ ಆಟದಲ್ಲಿ ಕಾರ್ಡುದಾರ ಗೆದ್ದ ಎಂದು ಹೇಳುವವರುಂಟು. ನನಗೆ ಹಾಗನ್ನಿಸುವುದಿಲ್ಲ. ತಪ್ಪಿಸಿಕೊಳ್ಳುವ ಒಂದು ದಾರಿ ಇದ್ದದ್ದರಿಂದಲೇ ಆ ಶುಲ್ಕ ‘ಐಚ್ಛಿಕ’ ಅನ್ನಿಸಿಕೊಂಡಿತು. ಐಚ್ಛಿಕ ಆದ್ದರಿಂದ ಜಾಹೀರಾತಿನ ದರದಲ್ಲಿ ಅದನ್ನು ಸೇರಿಸಬೇಕಾಗಲಿಲ್ಲ. ಪ್ರೀಪೇಯ್ಡ್ ಕಾರ್ಡು ಹಿಡಿದು ಕೆಲವೇ ಪೌಂಡು ಉಳಿಸಿದ ಜಾಣನನ್ನು ತೋರಿಸಿ, ನೋಡಿ, ಕಟ್ಟದೆಯೂ ಹೋಗಬಹುದು ಎಂದು ಮಿಕ್ಕವರೆಲ್ಲರ ಹತ್ತಿರ ವಸೂಲಿ ನಡೆಯಿತು. ತಾನು ಕಂಪನಿಯ ಪರ ಸಾಕ್ಷಿಯಾಗಿದ್ದೇನೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಕೊನೆಗೂ ಇದಕ್ಕೆ ತಡೆ ಬಿದ್ದದ್ದು ಕಾರ್ಡಿನಿಂದಲ್ಲ, ದೂರಿನಿಂದ. 2011ರಲ್ಲಿ ‘ವಿಚ್?’ ಎಂಬ ಗ್ರಾಹಕ ಸಂಸ್ಥೆ ಅಲ್ಲಿನ ವ್ಯಾಪಾರ ನಿಯಂತ್ರಣ ಕಚೇರಿಗೆ ದೂರು ಕೊಟ್ಟಿತು. ಮರುವರ್ಷ ವಿಮಾನ ಕಂಪನಿಗಳು ಡೆಬಿಟ್ ಕಾರ್ಡಿನ ಶುಲ್ಕವನ್ನು ಮೊದಲು ತೋರಿಸುವ ದರದಲ್ಲೇ ಸೇರಿಸಲು ಒಪ್ಪಿದವು. 2018ರ ಜನವರಿಯಲ್ಲಿ ಗ್ರಾಹಕರ ಕಾರ್ಡಿನ ಮೇಲಿನ ಹೆಚ್ಚುವರಿ ಶುಲ್ಕವೇ ನಿಷೇಧವಾಯಿತು.

ನಮ್ಮ ಕಡೆ ಪ್ರೀಪೇಯ್ಡ್ ಕಾರ್ಡಿನ ಕಥೆ ಬೇರೆ ತರಹದ್ದು. 2006ರಲ್ಲಿ ಐಟ್ಜ್‌ಕ್ಯಾಶ್ ಬಂದಾಗ ಸಣ್ಣ ಊರುಗಳಲ್ಲಿ ಕ್ರೆಡಿಟ್ ಕಾರ್ಡ್ ಇದ್ದವರು ಅಪರೂಪ, ನೆಟ್ ಬ್ಯಾಂಕಿಂಗ್ ಇನ್ನೂ ಅಪರೂಪ. ಸೈಬರ್ ಸೆಂಟರಿನವನು ಕಾರ್ಡಿನ ನಂಬರು, ಕೆರೆದು ತೆಗೆದ ಪಾಸ್‌ವರ್ಡು ಹಾಕಿ ರೈಲು ಟಿಕೆಟ್ ತೆಗೆದುಕೊಡುತ್ತಿದ್ದ. ಅದು ಫೀ ತಪ್ಪಿಸುವ ಸಾಧನವಲ್ಲ, ಆನ್‌ಲೈನ್ ಟಿಕೆಟ್ ಕೈಗೆ ಸಿಗಲು ಇದ್ದ ಒಂದೇ ಬಾಗಿಲು. ಹಿರಿಯೂರಿಗೆ ಇವತ್ತಿಗೂ ರೈಲಿಲ್ಲ. ಹೊಸದುರ್ಗದವರು ರೈಲು ಹಿಡಿಯಲು ಊರಿಂದ ದೂರದ ಹೊಸದುರ್ಗ ರೋಡ್ ನಿಲ್ದಾಣಕ್ಕೆ ಹೋಗಬೇಕು. ಕೌಂಟರಿಗೆ ಹೋಗಿಬರುವ ಬಸ್ ಚಾರ್ಜಿನ ಮುಂದೆ ಸೈಬರಿನವನಿಗೆ ಕೊಟ್ಟ ಹತ್ತಿಪ್ಪತ್ತು ರೂಪಾಯಿ ಯಾರಿಗೂ ಭಾರವಾಗಲಿಲ್ಲ. ಕನ್ವೀನಿಯನ್ಸ್ ಎಂದು ಹಣ ಕೇಳಲು ಅವನಿಗೆ ನಿಜವಾಗಿ ಹಕ್ಕಿತ್ತು.

ಈಗಿನ ವಿಮಾನದ ಫೀಗೆ ಆ ಹಕ್ಕು ಎಲ್ಲಿಂದ ಬಂತು? 2012ರ ಡಿಸೆಂಬರಿನಲ್ಲಿ ‘ಟ್ರಾನ್ಸಾಕ್ಷನ್ ಫೀ’ ವಸೂಲು ಮಾಡಬಾರದೆಂದು ವಿಮಾನಯಾನ ನಿರ್ದೇಶನಾಲಯ ಕಂಪನಿಗಳಿಗೆ ಹೇಳಿತ್ತು. ಆ ಹೆಸರು ಹೋಯಿತು, ವಸೂಲಿ ‘ಕನ್ವೀನಿಯನ್ಸ್’ ಎಂಬ ಹೆಸರಿನಲ್ಲಿ ಉಳಿಯಿತು. ಬ್ಯಾಂಕಿಗೆ ಕಟ್ಟಬೇಕಲ್ಲ ಎಂಬ ಸಮಜಾಯಿಷಿಯೂ ಈಗ ಪೂರ್ತಿ ನಿಲ್ಲುವುದಿಲ್ಲ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ ವ್ಯಾಪಾರಿ ಬ್ಯಾಂಕಿಗೆ ಕೊಡಬೇಕಾದ ಶುಲ್ಕ (ಎಂಡಿಆರ್) ಸೊನ್ನೆ. ಕ್ರೆಡಿಟ್ ಕಾರ್ಡಿಗೆ ಖರ್ಚಿದೆ, ಒಪ್ಪೋಣ. ಆದರೆ ಅದು ಮೊತ್ತದ ಮೇಲೆ ಶೇಕಡಾ ಲೆಕ್ಕದಲ್ಲಿ ಬರುವ ಖರ್ಚು, ತಲೆ ಎಣಿಸಿ ಬರುವುದಲ್ಲ. ಯುಪಿಐನಲ್ಲಿ ಒಂದೇ ಸಲ ಕಟ್ಟಿದ ನಾಲ್ವರ ಟಿಕೆಟ್ಟಿಗೂ ತಲೆಗೊಂದರಂತೆ ಫೀ ಹಾಕಿದರೆ, ಹಣ ಕಟ್ಟುವ ವಿಧಾನಕ್ಕೂ ಆ ಫೀಗೂ ಸಂಬಂಧವೇ ಇಲ್ಲ. ಸಂಬಂಧವಿಲ್ಲದ ಮೇಲೆ ಕಾರ್ಡು ಬದಲಿಸಿ ಏನು ಪ್ರಯೋಜನ? ಹಬ್ಬಕ್ಕೋ ಹೊಸ ವರ್ಷಕ್ಕೋ ಇಂಥ ರೀತಿ ಕಟ್ಟಿದರೆ ಫೀ ಇಲ್ಲ ಎಂದು ಕೆಲವು ಕಂಪನಿಗಳು ಬಿಡುವುದುಂಟು. ಅದು ರಿಯಾಯಿತಿ ಮಾರಾಟ, ಅದರ ಅವಧಿ ಮುಗಿದ ಮರುದಿನ ಫೀ ಹಾಜರು.

ಇದರ ಪಕ್ಕದಲ್ಲಿ ರೈಲ್ವೆಯನ್ನು ಇಟ್ಟು ನೋಡಬೇಕು. ನೋಟು ರದ್ದತಿಯ ನಂತರ, 2016ರ ನವೆಂಬರಿನಲ್ಲಿ, ಐಆರ್‌ಸಿಟಿಸಿ ಸೇವಾ ಶುಲ್ಕ ನಿಂತಿತು. 2019ರ ಸೆಪ್ಟೆಂಬರಿನಲ್ಲಿ ಮತ್ತೆ ಬಂತು. ಎಸಿ ಅಲ್ಲದ ಟಿಕೆಟ್ಟಿಗೆ 15 ರೂಪಾಯಿ, ಎಸಿಗೆ 30; ಯುಪಿಐ ಆದರೆ 10 ಮತ್ತು 20; ಮೇಲೆ ಜಿಎಸ್‌ಟಿ. ಇದು ಟಿಕೆಟ್ಟಿನ ಲೆಕ್ಕ, ತಲೆಯ ಲೆಕ್ಕವಲ್ಲ. ಒಂದೇ ಟಿಕೆಟ್ಟಿನಲ್ಲಿ ಆರು ಜನ ಹೋದರೂ ಅಷ್ಟೇ. ಹೀಗಿದ್ದೂ ಸಣ್ಣ ಹಣವೇನಲ್ಲ: 2019–20ರಲ್ಲಿ ಸುಮಾರು 352 ಕೋಟಿ ಬಂದಿದ್ದ ಈ ಬಾಬ್ತು 2021–22ರಲ್ಲಿ 694 ಕೋಟಿ ದಾಟಿತು. ಅದರಲ್ಲಿ ಅರ್ಧ ನಮಗೆ ಕೊಡಿ ಎಂದು ರೈಲ್ವೆ ಇಲಾಖೆ 2021ರ ಅಕ್ಟೋಬರ್ 28ರಂದು ಹೇಳಿದ್ದಕ್ಕೆ ಮರುದಿನ ಐಆರ್‌ಸಿಟಿಸಿ ಕಂಪನಿಯ ಷೇರು ಕುಸಿದು, ಅವತ್ತೇ ಇಲಾಖೆ ಮಾತು ಹಿಂತೆಗೆದುಕೊಂಡಿತು. ಬರೀ ಸೌಕರ್ಯದ ಶುಲ್ಕಕ್ಕೆ ಷೇರುಪೇಟೆ ಹೀಗೆ ಬೆಚ್ಚುತ್ತದೆಯೇ?

ಇನ್ನು ಪ್ರೀಪೇಯ್ಡ್ ಕಾರ್ಡನ್ನೇ ಕೈಯಲ್ಲಿ ಹಿಡಿದು ನೋಡೋಣ. ಬ್ಯಾಂಕುಗಳು ಕೊಡುವ ಗಿಫ್ಟ್ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಮಿತಿ 10,000 ರೂಪಾಯಿ. ಮತ್ತೆ ತುಂಬುವಂತಿಲ್ಲ, ನಗದಾಗಿ ತೆಗೆಯುವಂತಿಲ್ಲ. ಟಿಕೆಟ್ಟು 9,640 ಆದರೆ ಉಳಿದ 360 ಅಲ್ಲೇ ಕೂರುತ್ತದೆ. ಟಿಕೆಟ್ಟು 10,400 ಆದರೆ ಕಾರ್ಡು ಕೆಲಸಕ್ಕೇ ಬಾರದು, ಅರ್ಧ ಈ ಕಾರ್ಡು ಅರ್ಧ ಆ ಕಾರ್ಡು ಎಂದು ಕಟ್ಟಲು ಬುಕಿಂಗ್ ಪುಟಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಟಿಕೆಟ್ ರದ್ದಾದಾಗ. ಮರಳುವ ಹಣ ಯಾವ ಕಾರ್ಡಿನಿಂದ ಹೋಯಿತೋ ಅದಕ್ಕೇ ಬರುತ್ತದೆ. ಖಾಲಿಯಾಯಿತೆಂದು ಕಾರ್ಡನ್ನು ಕಸಕ್ಕೆ ಎಸೆದವರು ಆಗ ಬ್ಯಾಂಕಿಗೆ ಅಲೆಯಬೇಕು. ಪೂರ್ಣ ಕೆವೈಸಿ ಕೊಟ್ಟರೆ 2 ಲಕ್ಷದವರೆಗೆ ಹಣ ಇಡುವ ವ್ಯಾಲೆಟ್ ಸಿಗುತ್ತದೆ, ನಿಜ. ಬ್ಯಾಂಕ್ ಖಾತೆಯಲ್ಲಿದ್ದರೆ ಒಂದಿಷ್ಟು ಬಡ್ಡಿಯಾದರೂ ಬರುತ್ತಿದ್ದ ಹಣವನ್ನು ಅಲ್ಲಿ ಯಾಕಿಡಬೇಕು ಎಂಬುದಕ್ಕೆ ಮಾತ್ರ ಉತ್ತರವಿಲ್ಲ.

ಮುಂಗಡ ಹಣ ತುಂಬಿಸಿ ನಿಜವಾಗಿ ಉಳಿಸಬೇಕೆಂದರೆ ಆ ಜಾಗ ವಿಮಾನ ಅಲ್ಲ. ಚಿಕ್ಕಜಾಜೂರಿನಲ್ಲಿ ರೈಲು ಹತ್ತುವವರು ರೈಲ್ವೆಯ ಆರ್-ವ್ಯಾಲೆಟ್ಟಿಗೆ ಹಣ ಹಾಕಿಟ್ಟು ಕಾಯ್ದಿರಿಸದ ಟಿಕೆಟ್ ಕೊಂಡರೆ ಶೇ. 3ರಷ್ಟು ಲಾಭ. ಬೆಂಗಳೂರಿಗೆ ಹೋದಾಗ ಮೆಟ್ರೊ ಸ್ಮಾರ್ಟ್ ಕಾರ್ಡಿಗೆ ಶೇ. 5 ರಿಯಾಯಿತಿ. ಕೆಎಸ್‌ಆರ್‌ಟಿಸಿಯಲ್ಲಿ ಹಣ ತುಂಬುವ ತಾಪತ್ರಯವೂ ಇಲ್ಲ, ನಾಲ್ಕು ಅಥವಾ ಹೆಚ್ಚು ಜನ ಒಟ್ಟಿಗೆ ಟಿಕೆಟ್ ಮಾಡಿಸಿದರೆ ಶೇ. 5, ಹೋಗಿ ಬರುವುದಕ್ಕೆ ಒಟ್ಟಿಗೆ ಮಾಡಿಸಿದರೆ ಬರುವ ಟಿಕೆಟ್ಟಿನಲ್ಲಿ ಶೇ. 10. ಇವೆಲ್ಲ ಚಿಲ್ಲರೆ, ಆದರೆ ನಿಯಮದಲ್ಲಿ ಬರೆದಿರುವ ಚಿಲ್ಲರೆ.

ಮತ್ತೆ ವಿಮಾನಕ್ಕೆ ಬರೋಣ. 2023ರ ಆಗಸ್ಟ್ 31ರಿಂದ ಶಿವಮೊಗ್ಗದ ಸೋಗಾನೆಗೆ ವಿಮಾನ ಬರತೊಡಗಿ ಚನ್ನಗಿರಿ ಮಾರ್ಗವಾಗಿ ಹೋಗುವ ಹೊಳಲ್ಕೆರೆಯವರಿಗೆ ನಿಲ್ದಾಣ ಹತ್ತಿರವಾಯಿತು. ಸಣ್ಣ ನಿಲ್ದಾಣದ ಸಣ್ಣ ಹಾರಾಟಕ್ಕೇ ಈ ಫೀ ಹೆಚ್ಚು ಚುಚ್ಚುವುದು. ದಿಲ್ಲಿಗೆ ಹಾರುವ 8,000ದ ಟಿಕೆಟ್ಟಿನಲ್ಲಿ 350 ಕಣ್ಣಿಗೆ ಬೀಳದೆ ಹೋದೀತು. 2,500ರ ಟಿಕೆಟ್ಟಿನಲ್ಲಿ ಅದು ಏಳನೆಯ ಒಂದು ಪಾಲು. ಮೊದಲು ಕಡಿಮೆ ದರ ತೋರಿಸಿ ಕೊನೆಗೆ ಏರಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ 13 ಬಗೆಯ ವಂಚಕ ವಿನ್ಯಾಸಗಳ ಸಾಲಿಗೆ ಸೇರಿಸಿದೆ. ಕೊನೆಯ ಪುಟದಲ್ಲಿ ಮಾತ್ರ ಮುಖ ತೋರಿಸುವ ಫೀಯ ಸ್ಕ್ರೀನ್‌ಶಾಟ್ ತೆಗೆದು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಲು ಯಾವ ಕಾರ್ಡೂ ಬೇಕಿಲ್ಲ.