ಗೋರಿಗಲ್ಲು ನೋಡುವ ಬಗೆ

ಇಂಗ್ಲೆಂಡಿನ ಹಳ್ಳಿಯೊಂದರ ಹಳೆಯ ಚರ್ಚಿನ ಅಂಗಳಕ್ಕೆ ಕಾಲಿಟ್ಟವರು ಮೊದಲು ಹುಡುಕುವುದು ಹೆಸರನ್ನು. ಹೆಸರು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಕಲ್ಲನ್ನು ನೋಡಿ, ಆಮೇಲೆ ಉಳಿಯ ಕೆಲಸವನ್ನು.

ಗ್ಲಾಸ್ಟರ್‌ಷೈರ್‌ನ ಪೇನ್ಸ್‌ವಿಕ್‌ನಲ್ಲಿರುವ ಸಂತ ಮೇರಿ ಚರ್ಚಿನಿಂದ ಶುರು ಮಾಡಬಹುದು. ಅಂದವಾಗಿ ಕತ್ತರಿಸಿದ ಯೂ ಮರಗಳ ನಡುವೆ ಪೆಟ್ಟಿಗೆಯಾಕಾರದ ಗೋರಿಗಳಿವೆ. ಉಣ್ಣೆಬಟ್ಟೆಯ ವ್ಯಾಪಾರದಲ್ಲಿ ಮೇಲೆ ಬಂದ ಮನೆತನಗಳು ಕಟ್ಟಿಸಿದವು ಅವುಗಳಲ್ಲಿ ಹಲವು. ಪೆಟ್ಟಿಗೆ ಪೊಳ್ಳು, ದೇಹವಿರುವುದು ಅದರ ಕೆಳಗಿನ ಮಣ್ಣಿನಲ್ಲಿ. 1787ರಲ್ಲಿ ತೀರಿಕೊಂಡ ಶಿಲ್ಪಿ ಜಾನ್ ಬ್ರಯಾನ್‌ನ ಗೋರಿಯಂತೂ ಪಿರಮಿಡ್ಡಿನಂತಿದೆ. ಅಲ್ಲಿನದು ಸುಣ್ಣದ ಕಲ್ಲು, ಮೃದು. ಕೆತ್ತನೆಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ಮಳೆಗೆ ಅಕ್ಷರ ಸವೆಯುತ್ತದೆ. ಲೆಸ್ಟರ್‌ಷೈರ್ ಕಡೆಯ ಸ್ವಿದ್‌ಲ್ಯಾಂಡ್ ಸ್ಲೇಟಿನ ಮೇಲೆ 18ನೇ ಶತಮಾನದ ಅಕ್ಷರ ಇಂದಿಗೂ ಚೂಪಾಗಿ ನಿಂತಿದೆ. ಆಕಾರದ ಸೊಗಸಿಗೆ ಪೇನ್ಸ್‌ವಿಕ್, ಅಕ್ಷರದ ಸೊಗಸಿಗೆ ಸ್ಲೇಟು: ಇದು ನನ್ನ ತೀರ್ಮಾನ.

ಚಿಹ್ನೆಗಳು ಕಾಲವನ್ನು ಹೇಳುತ್ತವೆ. ತಲೆಬುರುಡೆ, ಮೂಳೆ, ಮರಳುಗಡಿಯಾರ ಹಳೆಯವು. ರೆಕ್ಕೆಯ ಮಗುಮುಖ ಆಮೇಲಿನದು. ಬಟ್ಟೆ ಹೊದ್ದ ಕಲಶ ಇನ್ನೂ ಈಚಿನದು.

ಈಗ ಒಂದು ಕುಟುಂಬದ ಕಲ್ಲಿನ ಮುಂದೆ ಕುಳಿತುಕೊಳ್ಳಿ. ಮೇಲೆ ಅಪ್ಪನ ಹೆಸರು, ದೊಡ್ಡ ಅಕ್ಷರ, ಬಳ್ಳಿಯಂಥ ಸುರುಳಿಗಳು. ಕೆಳಗೆ ಹೆಂಡತಿಯದು, ಎಷ್ಟೋ ವರ್ಷಗಳ ನಂತರ ಬೇರೆ ಕುಟಿಗ ಕೆತ್ತಿದ್ದು. ಅಕ್ಷರ ಚಿಕ್ಕದು, ಸಾಲು ಸ್ವಲ್ಪ ವಾಲಿದೆ. ಮಧ್ಯೆ ಹಸುಗೂಸುಗಳ ಹೆಸರು, ವಯಸ್ಸು ವಾರಗಳ ಲೆಕ್ಕದಲ್ಲಿ. ತಳದಲ್ಲಿ ಖಾಲಿ ಜಾಗ. ಯಾರಿಗೋ ಎಂದು ಬಿಟ್ಟದ್ದು, ತುಂಬಲೇ ಇಲ್ಲ. ಅವರು ಮರುಮದುವೆಯಾದರೋ, ಪಟ್ಟಣಕ್ಕೆ ಹೋದರೋ, ಕೆತ್ತಿಸಲು ದುಡ್ಡಿರಲಿಲ್ಲವೋ. ಇಡೀ ಕಲ್ಲಿನಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಆ ಖಾಲಿ ಜಾಗವೇ.

ತಾರೀಖಿನಲ್ಲಿ 1724/5 ಎಂದು ಎರಡು ವರ್ಷ ಕಂಡರೆ ಕುಟಿಗ ತಪ್ಪಿದನೆಂದುಕೊಳ್ಳಬೇಡಿ. ಆಗ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. ಜನವರಿ 1ಕ್ಕೆ ಬದಲಾದದ್ದು 1752ರಲ್ಲಿ. ಅದಕ್ಕೂ ಮೊದಲು ಜನವರಿ 1ಕ್ಕೂ ಮಾರ್ಚ್ 25ಕ್ಕೂ ನಡುವಿನ ದಿನಗಳಲ್ಲಿ ಸತ್ತವರಿಗೆ ಎರಡೂ ವರ್ಷ ಬರೆಯುವುದು ರೂಢಿಯಾಗಿತ್ತು.

ಅಕ್ಷರ ಮಸುಕಾಗಿದ್ದರೆ ಬೆಳಗ್ಗೆ ಇಲ್ಲವೇ ಸಂಜೆ ಹೋಗಿ. ಓರೆಬಿಸಿಲಿನಲ್ಲಿ ನೆರಳು ಬಿದ್ದು ಕೆತ್ತನೆ ಎದ್ದು ಕಾಣುತ್ತದೆ. ಮೋಡವಿದ್ದರೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಆಗಲೂ ಓದಲಾಗದಿದ್ದರೆ ಚರ್ಚಿನ ದಾಖಲೆ ಪುಸ್ತಕಗಳಿವೆ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂಬ ಆಜ್ಞೆ 1538ರಷ್ಟು ಹಳೆಯದು. ಹಳೆಯ ಪುಸ್ತಕಗಳು ಈಗ ಹೆಚ್ಚಾಗಿ ಕೌಂಟಿಯ ದಾಖಲೆ ಕಚೇರಿಗಳಲ್ಲಿ ಸಿಗುತ್ತವೆ.

ಒಂದು ಕೋರಿಕೆ. ಸೀಮೆಸುಣ್ಣ ಉಜ್ಜಬೇಡಿ, ತಂತಿಯ ಬ್ರಷ್ ಮುಟ್ಟಿಸಬೇಡಿ, ಕಲ್ಲುಹೂವನ್ನು ಕೆರೆಯಬೇಡಿ. ಕೆರೆದರೆ ಅದರ ಜೊತೆ ಕಲ್ಲಿನ ಮೈಯೂ, ಅದರ ಮೇಲಿನ ಹೆಸರೂ ಕಿತ್ತುಬರುತ್ತದೆ.