ಪ್ರಾಣ ಒತ್ತೆಯಿಟ್ಟ ಲಾರಿ ಪಯಣ

ದುರ್ಗಮ ದಾರಿಯ ಪಯಣವನ್ನು ತೋರಿಸುವ ಸಿನಿಮಾಗಳು ಸಾಮಾನ್ಯವಾಗಿ ಕೆಸರು, ಪ್ರಪಾತ, ಮುರುಕು ಸೇತುವೆಗಳನ್ನೇ ನೆಚ್ಚಿಕೊಂಡಿರುತ್ತವೆ. ಚಾಲಕ ಆ ದಾರಿಗೆ ಯಾಕೆ ಬಂದ ಎಂದು ಕೇಳುವವು ಕಡಿಮೆ. ಫ್ರಾನ್ಸಿನ ಆನ್ರಿ-ಜಾರ್ಜ್ ಕ್ಲೂಜೊ 1953ರಲ್ಲಿ ತಂದ ‘ದಿ ವೇಜಸ್ ಆಫ್ ಫಿಯರ್’ ಆ ಪ್ರಶ್ನೆಗೇ ಸುಮಾರು ಒಂದು ಗಂಟೆ ಮೀಸಲಿಡುತ್ತದೆ. ಜಾರ್ಜ್ ಆರ್ನೋ ಬರೆದ ಕಾದಂಬರಿ ಇದರ ಮೂಲ. ಅದೇ ಕಾದಂಬರಿಯನ್ನು ಅಮೆರಿಕದ ವಿಲಿಯಂ ಫ್ರೀಡ್‌ಕಿನ್ 1977ರಲ್ಲಿ ‘ಸಾರ್ಸರರ್’ ಎಂದು ಮತ್ತೆ ತೆರೆಗೆ ತಂದರು. ಎರಡನ್ನೂ ಒಂದರ ಹಿಂದೊಂದು ನೋಡಿದರೆ ಸಾಹಸದ ಸಿನಿಮಾ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ನಿಚ್ಚಳವಾಗುತ್ತದೆ.

ಕ್ಲೂಜೊ ಚಿತ್ರದ ಲಾಸ್ ಪಿಯೆದ್ರಾಸ್ ಲ್ಯಾಟಿನ್ ಅಮೆರಿಕದ ಬಡ ಊರು. ಉರಿಬಿಸಿಲು, ಕೊಳಕು, ನಿರುದ್ಯೋಗ. ಟಿಕೆಟ್ಟಿಗೆ ದುಡ್ಡಿಲ್ಲದೆ ಅಲ್ಲೇ ಕೊಳೆಯುತ್ತಿರುವ ಪರದೇಶಿಗಳು. ದೂರದ ತೈಲಬಾವಿಗೆ ಬೆಂಕಿ ಬೀಳುತ್ತದೆ. ಅದನ್ನು ಆರಿಸಲು ಬೇಕಾದ ನೈಟ್ರೋಗ್ಲಿಸರಿನ್ನನ್ನು ಲಾರಿಯಲ್ಲಿ 300 ಮೈಲಿ ಒಯ್ಯಬೇಕು. ಒಂದು ಜೋರು ಕುಲುಕಿಗೆ ಎಲ್ಲವೂ ಬೂದಿ. ಅಮೆರಿಕನ್ ಕಂಪನಿಯ ಅಧಿಕಾರಿ ಈ ಅಬ್ಬೇಪಾರಿಗಳನ್ನೇ ಆರಿಸುತ್ತಾನೆ. ಅವರಿಗೆ ಯೂನಿಯನ್ ಇಲ್ಲ, ಸತ್ತರೆ ಕೇಳಿಕೊಂಡು ಬರುವ ಬಂಧುಗಳಿಲ್ಲ. ತಲಾ 2000 ಡಾಲರ್, ಎರಡು ಲಾರಿ, ನಾಲ್ಕು ಜನ. ಮುಂದಿನ ಪಯಣಕ್ಕೆಲ್ಲ ತೂಕ ಬರುವುದು ಈ ಲೆಕ್ಕಾಚಾರದಿಂದ. ಅಮೆರಿಕದಲ್ಲಿ ಬಿಡುಗಡೆಯಾದಾಗ ಕಂಪನಿಯನ್ನು ಚುಚ್ಚುವ ಭಾಗಗಳಿಗೇ ಕತ್ತರಿ ಬಿದ್ದದ್ದು ಆಶ್ಚರ್ಯವಲ್ಲ.

ಮೆಚ್ಚಬೇಕಾದ ಇನ್ನೊಂದು ಗುಣ, ಭೌತಿಕ ವಿವರದಲ್ಲಿ ಕ್ಲೂಜೊ ತೋರುವ ನಿಷ್ಠೆ. ಸುಕ್ಕುತಗಡಿನಂತೆ ಉಬ್ಬುತಗ್ಗಾದ ರಸ್ತೆಯಲ್ಲಿ ಆಮೆಯಂತೆ ತೆವಳಬೇಕು, ಇಲ್ಲವೇ ಉಬ್ಬುಗಳ ಮೇಲೆ ಹಾರಿಸಿಕೊಂಡು ಹೋಗಬೇಕು. ನಡುವಿನ ವೇಗವೇ ಮೃತ್ಯು. ತಿರುವಿನಲ್ಲಿ ಲಾರಿಯನ್ನು ಹಿಂದಕ್ಕೆ ಓಡಿಸಲು ಕಟ್ಟಿದ ಅಟ್ಟದ ಮರ ಕೊಳೆತಿದೆ. ದಾರಿಗಡ್ಡ ಬಿದ್ದ ಬಂಡೆಯನ್ನು ಸಿಡಿಸಲು ತಾವು ಹೊತ್ತ ದ್ರವವನ್ನೇ ಹನಿಹನಿಯಾಗಿ ಸುರಿಯಬೇಕು. ಮುಂದಿನ ಲಾರಿ ಸ್ಫೋಟಗೊಂಡದ್ದನ್ನು ನಿರ್ದೇಶಕ ನೇರವಾಗಿ ತೋರಿಸುವುದೇ ಇಲ್ಲ. ಹಿಂದಿನ ಲಾರಿಯಲ್ಲಿ ಸಿಗರೇಟು ಸುತ್ತುತ್ತಿದ್ದವನ ಕೈಯಿಂದ ಹೊಗೆಸೊಪ್ಪು ಹಾರಿಹೋಗುತ್ತದೆ, ಸದ್ದು ಆಮೇಲೆ. ಊರಲ್ಲಿ ಗಂಡೆದೆಯವನೆಂದು ಮೆರೆದ ಜೋ ಸ್ಟಿಯರಿಂಗ್ ಹಿಡಿದ ಮೇಲೆ ನಡುಗುತ್ತಾನೆ. ಶಾರ್ಲ್ ವನೆಲ್ ಆ ಕುಸಿತವನ್ನು ಅಭಿನಯಿಸಿದ ರೀತಿ ಇಡೀ ಚಿತ್ರದ ಬೆನ್ನೆಲುಬು. ಇಷ್ಟೆಲ್ಲ ಚಿತ್ರೀಕರಣಗೊಂಡದ್ದು ಉಷ್ಣವಲಯದಲ್ಲಲ್ಲ, ದಕ್ಷಿಣ ಫ್ರಾನ್ಸಿನಲ್ಲಿ!

ಫ್ರೀಡ್‌ಕಿನ್‌ಗೆ ಆ ಕೊರತೆಯಿಲ್ಲ. ಡೊಮಿನಿಕನ್ ರಿಪಬ್ಲಿಕ್‌ನ ನಿಜವಾದ ಕಾಡು, ನಿಜವಾದ ಕೆಸರು. ಗುಜರಿ ಲಾರಿಗಳನ್ನು ಚಾಲಕರೇ ಬಿಚ್ಚಿ, ಬೆಸುಗೆ ಹಾಕಿ ಎಬ್ಬಿಸುವ ದೃಶ್ಯಗಳು ಗ್ಯಾರೇಜಿನ ಕೆಲಸ ಬಲ್ಲವರಿಗೆ ರಸಗವಳ. ಬಿರುಗಾಳಿಯಲ್ಲಿ ತೂಗುವ ಹಗ್ಗದ ಸೇತುವೆಯನ್ನು ಲಾರಿ ದಾಟುವ ಭಾಗ ಸಿನಿಮಾ ಚರಿತ್ರೆಯಲ್ಲೇ ಅಪರೂಪದ್ದು. ಮೊದಲು ಕಟ್ಟಿದ ಸೇತುವೆಯ ಕೆಳಗೆ ನದಿ ಬತ್ತಿದ್ದರಿಂದ ಮೆಕ್ಸಿಕೋದಲ್ಲಿ ಮತ್ತೊಂದನ್ನು ಕಟ್ಟಬೇಕಾಯಿತು. ಆದರೆ ನಾಲ್ವರ ಪೂರ್ವಕಥೆ ಹೇಳುವ ಪೀಠಿಕೆಯಲ್ಲಿ ಒಬ್ಬ ಬಾಂಬ್ ಇಟ್ಟವನು, ಒಬ್ಬ ವಂಚಕ, ಒಬ್ಬ ದರೋಡೆಗೆ ಕಾರು ಓಡಿಸಿದವನು, ಒಬ್ಬ ಸುಪಾರಿ ಹಂತಕ. ಹೀಗೆ ಒಬ್ಬೊಬ್ಬರಿಗೂ ಒಂದೊಂದು ಪಾಪ ಹೊರಿಸಿದ ಮೇಲೆ ರಸ್ತೆ ಅವರಿಗೆ ಶಿಕ್ಷೆಯಾಗುತ್ತದೆ, ಕಂಪನಿಯ ಪಾತ್ರ ಹಿನ್ನೆಲೆಗೆ ಸರಿಯುತ್ತದೆ. ವಿಧಿಯನ್ನು ದೂರುವುದು ಸುಲಭ, ಮಾಲೀಕರನ್ನು ದೂರುವುದು ಕಷ್ಟ.

ಹಾಗೆಂದು ಕ್ಲೂಜೊ ನಿರ್ದೋಷಿಯಲ್ಲ. ಅವರ ಚಿತ್ರದಲ್ಲಿ ಸ್ಥಳೀಯರು ಬರೀ ಗುಂಪು. ನೆಲ ಒರೆಸುವ ಲಿಂಡಾ ಬೈಗುಳ, ಏಟು ತಿಂದರೂ ನಾಯಕ ಮಾರಿಯೋನ ಹಿಂದೆಯೇ ಸುತ್ತುವವಳು. ಅವಳಿಗೊಂದು ಮನಸ್ಸಿದೆಯೆಂದು ಚಿತ್ರಕಥೆಗೆ ಹೊಳೆಯುವುದೇ ಇಲ್ಲ. ಫ್ರೀಡ್‌ಕಿನ್ ಚಿತ್ರದಲ್ಲಾದರೋ ತೈಲಬಾವಿಯಲ್ಲಿ ಸುಟ್ಟ ಹೆಣಗಳು ಊರಿಗೆ ಬಂದಾಗ ಜನ ದಂಗೆಯೇಳುತ್ತಾರೆ. ಆ ಕೆಲವೇ ನಿಮಿಷ ಊರಿಗೆ ಬಾಯಿ ಬರುತ್ತದೆ. ಇನ್ನು ಕ್ಲೂಜೊ ಚಿತ್ರದ ಮುಕ್ತಾಯ. ದುಡ್ಡು ಗೆದ್ದು ಮರಳುವ ಮಾರಿಯೋ, ರೇಡಿಯೋದ ವಾಲ್ಟ್ಸ್ ಸಂಗೀತಕ್ಕೆ ಲಾರಿಯನ್ನು ಅತ್ತಿತ್ತ ಕುಣಿಸುತ್ತಾ ಪ್ರಪಾತಕ್ಕೆ ಬೀಳುತ್ತಾನೆ. ಪ್ರತಿ ಗುಂಡಿಗೂ ಪ್ರತಿ ಗೇರಿಗೂ ಲೆಕ್ಕ ಕೊಟ್ಟ ಚಿತ್ರದಲ್ಲಿ ಈ ಸಾವಿಗೆ ಮಾತ್ರ ಲೆಕ್ಕವಿಲ್ಲ. ನಿರ್ದೇಶಕನ ಕೈ ಎದ್ದು ಕಾಣುತ್ತದೆ.

ಇಷ್ಟು ಕುಂದುಗಳ ನಡುವೆಯೂ ನನ್ನ ಆಯ್ಕೆ ಕ್ಲೂಜೊ ಚಿತ್ರವೇ. ನಿಜವಾದ ಕಾಡು ಫ್ರೀಡ್‌ಕಿನ್‌ಗೆ ಸಿಕ್ಕಿತು, ನಿಜವಾದ ಅಪಾಯ ಯಾವುದೆಂಬ ಅರಿವು ಕ್ಲೂಜೊಗಿತ್ತು. ಹಸಿದವನನ್ನು ಸಾವಿನ ದಾರಿಗೆ ಕಳಿಸಿ ಅದಕ್ಕೆ ಕೂಲಿಯೆಂದು ಹೆಸರಿಡುವುದೇ ಆ ಅಪಾಯ. ನೋಡುವುದಾದರೆ ಕತ್ತರಿ ಬೀಳದ ಪೂರ್ಣ ಪ್ರತಿಯನ್ನೇ ನೋಡಿ. ಮೊದಲ ಒಂದು ಗಂಟೆಯನ್ನು ನಿಧಾನವೆಂದು ಓಡಿಸಿದರೆ ಉಳಿಯುವುದು ಬರೀ ಲಾರಿಗಳು.