ತಿಂಗಳಿಗೊಂದು ಚುಚ್ಚುಮದ್ದು: ಒಂದು ಒಪ್ಪಿಗೆಯ ವ್ಯಾಖ್ಯಾನ

2025ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಸಂಸ್ಥೆ ಮಕ್ಕಳ ಮೈಗ್ರೇನಿಗೆ ಫ್ರೆಮನೆಜುಮ್ಯಾಬ್ ಎಂಬ ಔಷಧಿಯನ್ನು ಒಪ್ಪಿತು. ಆ ಒಪ್ಪಿಗೆಯ ಸಾರವನ್ನು ನನ್ನ ಮಾತಿನಲ್ಲಿಟ್ಟು, ಬಿಡಿಸಿ ಓದುತ್ತೇನೆ.

‘6ರಿಂದ 17 ವರ್ಷದ, 45 ಕೆ.ಜಿ. ಅಥವಾ ಹೆಚ್ಚು ತೂಕದ ಮಕ್ಕಳಿಗೆ’

ವಯಸ್ಸನ್ನಷ್ಟೇ ಓದಿದರೆ ಒಂದನೇ ತರಗತಿಯ ಮಗುವಿನ ತಾಯಿಗೆ ಆಸೆ ಹುಟ್ಟುತ್ತದೆ. ತೂಕವನ್ನೂ ಓದಬೇಕು. ಆರು ವರ್ಷದ ಮಗು 20 ಕೆ.ಜಿ. ಆಸುಪಾಸು ಇರುತ್ತದೆ, 45 ಮುಟ್ಟುವ ಹೊತ್ತಿಗೆ ನಮ್ಮಲ್ಲಿ ಬಹುತೇಕ ಮಕ್ಕಳು ಹೈಸ್ಕೂಲಿನಲ್ಲಿರುತ್ತಾರೆ. ಸದ್ಯಕ್ಕೆ ಇದು ಹೆಚ್ಚುಕಡಿಮೆ ಹದಿಹರೆಯದವರ ಮದ್ದು.

‘ಎಪಿಸೋಡಿಕ್ ಮೈಗ್ರೇನ್’

ತಿಂಗಳಲ್ಲಿ 15ಕ್ಕಿಂತ ಕಡಿಮೆ ದಿನ ತಲೆನೋವು ಕಾಡುವ ಬಗೆ.

‘ಬಾರದಂತೆ ತಡೆಯಲು’

ನೋವು ಎದ್ದಮೇಲೆ ಕೊಡುವುದಕ್ಕೆ ಐಬುಪ್ರೊಫೆನ್ ಇದೆ, ಕೆಲವರಿಗೆ ರಿಜಾಟ್ರಿಪ್ಟಾನ್ ಇದೆ. ಈ ಮದ್ದಿನ ಕೆಲಸ ಅದಕ್ಕೂ ಮೊದಲಿನದು. ಮೈಗ್ರೇನಿನಲ್ಲಿ ಮುಖ, ತಲೆಗಳ ನರಗಳು ಸಿಜಿಆರ್‌ಪಿ ಎಂಬ ಪ್ರೋಟೀನ್ ತುಣುಕನ್ನು ಸುರಿಸುತ್ತವೆ. ಫ್ರೆಮನೆಜುಮ್ಯಾಬ್ ಅದಕ್ಕೆ ಅಂಟಿಕೊಂಡು ಅದರ ಆಟ ನಿಲ್ಲಿಸುತ್ತದೆ. ಹಿಂದಿನ ತಡೆಮದ್ದುಗಳು ಬೇರೆ ಕಾಯಿಲೆಗಳಿಂದ ಎರವಲು ಬಂದವು: ಅಮಿಟ್ರಿಪ್ಟಿಲಿನ್ ಖಿನ್ನತೆಯದು, ಟೋಪಿರಮೇಟ್ ಅಪಸ್ಮಾರದ್ದು. 2017ರಲ್ಲಿ ಪ್ರಕಟವಾದ ‘ಚಾಂಪ್’ ಅಧ್ಯಯನ ಇವೆರಡನ್ನೂ 8ರಿಂದ 17 ವರ್ಷದವರಲ್ಲಿ ಹುಸಿಮಾತ್ರೆಯ ಪಕ್ಕ ಇಟ್ಟು ನೋಡಿತು. ತಲೆನೋವಿನ ದಿನಗಳು ಅರ್ಧಕ್ಕೋ ಅದಕ್ಕೂ ಕೆಳಗೋ ಇಳಿದ ಮಕ್ಕಳು ಕ್ರಮವಾಗಿ ಶೇ. 52 ಮತ್ತು 55; ಹುಸಿಮಾತ್ರೆ ನುಂಗಿದವರಲ್ಲಿ ಶೇ. 61. ಅಡ್ಡಪರಿಣಾಮ ಅನುಭವಿಸಿದ್ದು ಮಾತ್ರ ಮದ್ದು ನುಂಗಿದ ಮಕ್ಕಳೇ ಹೆಚ್ಚು. ಈ ಅಂಕಿಗಳನ್ನು ಹಿಡಿದು ‘ಮಕ್ಕಳ ತಲೆನೋವು ಬರೀ ನೆಪ’ ಎನ್ನುವವರಿದ್ದರೆ ಅದು ಅನ್ಯಾಯ. ಕಿವಿಗೊಡುವ ವೈದ್ಯರು, ತಪ್ಪದ ಭೇಟಿ, ಗುಣವಾಗುತ್ತದೆಂಬ ಭರವಸೆ ಮಗುವಿನ ನೋವನ್ನು ನಿಜವಾಗಿಯೇ ತಗ್ಗಿಸುತ್ತವೆ ಎಂದು ನಾನು ಆ ಶೇ. 61ನ್ನು ಓದುತ್ತೇನೆ. ಹೊಸ ಮದ್ದು ಗೆಲ್ಲಬೇಕಾದದ್ದು ಇಷ್ಟು ಬಲವಾದ ಹುಸಿಮದ್ದಿನ ಎದುರು.

‘ತಿಂಗಳಿಗೊಮ್ಮೆ 225 ಮಿ.ಗ್ರಾಂ, ಚರ್ಮದಡಿಗೆ’

ಹುಸಿಮದ್ದಿನ ಎದುರು ಈ ಚುಚ್ಚುಮದ್ದು ಗೆದ್ದಿತೇ? ಹೌದು, ಸಣ್ಣ ಅಂತರದಲ್ಲಿ. ಮೂರು ತಿಂಗಳ ಪರೀಕ್ಷೆಯಲ್ಲಿ ಮೈಗ್ರೇನ್ ದಿನಗಳು ತಿಂಗಳಿಗೆ ಸರಾಸರಿ 2.5ರಷ್ಟು ಇಳಿದವು, ಹುಸಿಮದ್ದಿನಲ್ಲಿ 1.4ರಷ್ಟು. ಒಂದು ದಿನ ಚಿಲ್ಲರೆಯ ಲಾಭ. ಪವಾಡ ಎನ್ನಲಾರೆ. ಆದರೆ ಕತ್ತಲೆ ಕೋಣೆಯಲ್ಲಿ ವಾಂತಿ ಮಾಡಿಕೊಂಡು ಮಲಗುವ ಹುಡುಗಿಗೆ ಆ ಒಂದು ದಿನ ದೊಡ್ಡದು.

ಮಗು ಮತ್ತೆ ಮತ್ತೆ ತಲೆನೋವೆಂದರೆ ನಂಬಿ. ಯಾವ ದಿನ, ಎಷ್ಟು ಹೊತ್ತು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ತಿಂಡಿ ತಪ್ಪಿತ್ತೇ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕವನ್ನು ಹಿಡಿದೇ ಮಕ್ಕಳ ವೈದ್ಯರ ಬಳಿ ಹೋಗಿ.